ಎಡಗಡೆಯ ಸೀಟು

ಗುರುವಾರ, ಮಧ್ಯಾಹ್ನ
ಗ್ಯಾರೇಜಿನ ಮೇಲಿನ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

ಮೊದಲೇ ಹೇಳಿಬಿಡುತ್ತೇನೆ, ನಮ್ಮಿಬ್ಬರಿಗೂ ಏನೂ ಆಗಿಲ್ಲ. ಸೋಮವಾರ ಫೋನ್ ಮಾಡಿದಾಗ ಕಾರು ಕೆಟ್ಟಿದೆ, ಕೆಲವು ದಿನ ಇಲ್ಲೇ ನಿಲ್ಲುತ್ತೇವೆ ಎಂದಷ್ಟೇ ಹೇಳಿದ್ದೆ. ನೀನು ನಕ್ಕೆ. ಇವರ ಹಳೇ ಕಾರಿಗೆ ನೀನೇ ಇಟ್ಟ ಹೆಸರು ಹಿಡಿದು, ನಿನ್ನ ಸವತಿ ಅಲ್ಲೀತನಕ ಬಂದಳಲ್ಲ, ಅದೇ ದೊಡ್ಡದು ಎಂದೆ. ನಾನೂ ನಕ್ಕೆ. ಇವರು ಪಕ್ಕದಲ್ಲೇ ನಿಂತಿದ್ದರು. ಅದಕ್ಕೇ ಈಗ ಪತ್ರ. ಫೋನಿನಲ್ಲಾದರೆ ನೀನು ನಡುವೆ ಏನಾದರೂ ಕೇಳುತ್ತೀಯ, ನಾನು ಅದಕ್ಕೆ ಉತ್ತರ ಹೇಳುತ್ತಾ ತಪ್ಪಿಸಿಕೊಳ್ಳುತ್ತೇನೆ.

ಈ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಕುರ್ಚಿ, ಬೇಸಿನ್ನಿನ ಮೇಲೆ ಮೂಲೆ ಒಡೆದ ಕನ್ನಡಿ ಇವೆ. ಗಾಡಿ ಕೆಟ್ಟವರು ಉಳಿದುಕೊಳ್ಳಲೆಂದೇ ಇಟ್ಟದ್ದು. ಹೊದಿಕೆಗೂ ಗ್ರೀಸಿನ ವಾಸನೆ. ಕಿಟಕಿಯಿಂದ ಅಂಗಳ ಕಾಣುತ್ತದೆ. ಇವರು ಕಾರಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಬಿಚ್ಚಿ ಹಳೇ ಬೆಡ್‌ಶೀಟೊಂದರ ಮೇಲೆ ಸಾಲಾಗಿ ಇಟ್ಟುಕೊಂಡಿದ್ದಾರೆ. ಒಂದೊಂದನ್ನೂ ಒರೆಸಿ, ಊದಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಅದೇ ಜಾಗದಲ್ಲಿಡುತ್ತಾರೆ. ಗ್ಯಾರೇಜಿನ ಯಜಮಾನ ಮೊದಲ ದಿನವೇ ಎಂಜಿನ್ನಿಗೆ ಕಿವಿಗೊಟ್ಟು ಕೇಳಿ, ಏನೂ ಇಲ್ಲವೆಂದು ಕೈಯಾಡಿಸಿದ್ದ. ಭಾಷೆ ಬರದಿದ್ದರೂ ಅಷ್ಟು ಅರ್ಥವಾಯಿತು. ಇವರು ಒಪ್ಪಲಿಲ್ಲ. ಹೊರಗಿನವನ ಕಣ್ಣಿಗೆ ಬೀಳದ್ದು ಏನೋ ಇದೆ, ಹುಡುಕಿಯೇ ತೀರಬೇಕು ಎನ್ನುತ್ತಾರೆ.

ಹುಡುಕುತ್ತಿರುವುದು ಅಲ್ಲಿಲ್ಲ. ಅದನ್ನು ಹೇಳುವ ಮೊದಲು ಈ ದೇಶದ ರಸ್ತೆಯ ವಿಷಯ ಹೇಳಬೇಕು.

ನಮ್ಮ ಕಾರಿನ ಸ್ಟೀರಿಂಗ್ ಬಲಗಡೆ. ನಮ್ಮಲ್ಲಿ ರಸ್ತೆಯ ಎಡಕ್ಕೆ ಹೋಗುವುದರಿಂದ ಅದು ಸರಿಹೋಗುತ್ತದೆ. ಗಡಿ ದಾಟಿದ ಮೇಲೆ ಎಲ್ಲರೂ ರಸ್ತೆಯ ಬಲಕ್ಕೆ ಹೋಗುತ್ತಾರೆ. ಹಾಗಾಗಿ ಇಲ್ಲಿ ಇವರು ಕೂರುವುದು ಚರಂಡಿಯ ಪಕ್ಕ, ನಾನು ಕೂರುವುದು ರಸ್ತೆಯ ನಡುವಿಗೆ. ಮುಂದೆ ಲಾರಿ ಸಿಕ್ಕಿದರೆ ಅದರ ಬೆನ್ನು ಬಿಟ್ಟು ಇವರಿಗೆ ಬೇರೇನೂ ಕಾಣದು. ಎದುರಿನಿಂದ ಏನು ಬರುತ್ತಿದೆ ಎಂಬುದು ನನಗೆ ಮಾತ್ರ ಕಾಣುತ್ತದೆ. ಇವರು ‘ಹೋಗ್ಲಾ?’ ಎಂದು ಕೇಳುತ್ತಾರೆ. ನಾನು ಕತ್ತು ಚಾಚಿ ನೋಡಿ ‘ಬೇಡ’ ಎಂದೋ ‘ಹೋಗಿ’ ಎಂದೋ ಹೇಳಬೇಕು. ಹೇಳಿದ ತಕ್ಷಣ ಇವರು ಕಾರನ್ನು ಪಕ್ಕಕ್ಕೆ ಎಳೆದು ಮುಂದಕ್ಕೆ ನುಗ್ಗಿಸುತ್ತಾರೆ. ಅಷ್ಟೇ ಏರ್ಪಾಡು.

ಲಿಫ್ಟುಗಳನ್ನು ಪರೀಕ್ಷೆ ಮಾಡುವುದು ಇವರ ಕೆಲಸ ಎಂದು ನಿನಗೆ ಗೊತ್ತು. ಇನ್ನೊಬ್ಬರ ಮಾತು ನಂಬದೆ ಇರುವುದಕ್ಕೇ ಇವರಿಗೆ ಸಂಬಳ. ಮನೆಯಲ್ಲೂ ಹಾಗೆಯೇ. ನಾನು ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡಬೇಕು. ನಾನು ಆರಿಸಿದ ಗ್ಯಾಸನ್ನು ಇನ್ನೊಮ್ಮೆ ತಿರುವಿ ನೋಡಬೇಕು. ಹೋದ ಚಳಿಗಾಲ ಒಂದು ಸೂಟ್‌ಕೇಸ್ ಹಿಡಿದು ನಿನ್ನ ಮನೆಗೆ ಬಂದೆನಲ್ಲ, ಭಾವ ಕಾರಣ ಕೇಳಿದಾಗ ನನ್ನ ಬಾಯಿಗೆ ಬಂದದ್ದು ಬೀಗದ ವಿಷಯ. ಅವರು ನಗಲಿಲ್ಲ, ಅವರ ದೊಡ್ಡತನ. ಹೊಡೆತ ಬಡಿತ, ಕುಡಿತ, ಇನ್ನೊಬ್ಬಳು, ಹೀಗೆ ಮರ್ಯಾದಸ್ಥ ಕಾರಣ ಒಂದೂ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ಇವರು ಬಂದರು, ಕಾರು ರೆಡಿಯಾಗಿದೆ, ದೂರ ಎಲ್ಲಾದರೂ ಹೋಗಿ ಬರೋಣ ಎಂದರು. ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಕಾರನ್ನು ಎಬ್ಬಿಸಿದ್ದು ನನ್ನನ್ನು ಕರೆದುಕೊಂಡು ಹೋಗಲಿಕ್ಕೋ, ನನ್ನನ್ನು ಕರೆದದ್ದು ಕಾರನ್ನು ಓಡಿಸಲಿಕ್ಕೋ, ನನಗೆ ಈಗಲೂ ತಿಳಿಯದು. ಆದರೆ ಗಡಿ ದಾಟಿದ ದಿನ ಮೊದಲ ಸಲ ‘ಹೋಗಿ’ ಎಂದಾಗ ಇವರು ಪರೀಕ್ಷಿಸದೆ ಹೋದರು. ಅಕ್ಕ, ಅವತ್ತು ನನಗೆ ಮದುವೆಯಾದ ದಿನಕ್ಕಿಂತ ಹೆಚ್ಚು ನಾಚಿಕೆಯಾಯಿತು. ಸಂತೋಷಕ್ಕೂ ಹಾಗೆ ಆಗುತ್ತದೆಯೇನೋ.

ಸೋಮವಾರ ಬಿಸಿಲು ಜೋರಾಗಿತ್ತು. ಏರು ರಸ್ತೆ, ಮುಂದೆ ಮರದ ದಿಮ್ಮಿ ಹೇರಿದ ಲಾರಿ. ನಿಧಾನ ಈ ಕಾರಿಗೆ ಆಗಿಬರುವುದಿಲ್ಲ. ಗಾಳಿ ಸಾಲದೆ ಎಂಜಿನ್ ಕಾದು, ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ. ಆಮೇಲೆ ಪೈಪಿಗೆ ಒದ್ದೆ ಬಟ್ಟೆ ಸುತ್ತಿ, ತಣಿಯುವ ತನಕ ರಸ್ತೆ ಬದಿಯಲ್ಲಿ ಕೂರಬೇಕು. ಹಾಗಾಗಿ ಲಾರಿಯನ್ನು ದಾಟಲೇಬೇಕು. ಇವರು ಕೇಳುತ್ತಿದ್ದರು, ನಾನು ಬೇಡ ಎನ್ನುತ್ತಿದ್ದೆ. ಎದುರಿನಿಂದ ಒಂದರ ಹಿಂದೆ ಒಂದು ಗಾಡಿ. ಪ್ರತಿ ಸಲ ಬೇಡ ಎಂದಾಗಲೂ ಇವರು ಸಣ್ಣಗೆ ಉಸಿರು ಬಿಡುತ್ತಿದ್ದರು. ಬೇಸರದ ಉಸಿರಲ್ಲ, ಬರೀ ಉಸಿರು.

ರಸ್ತೆ ನೇರವಾಯಿತು. ದೂರದಲ್ಲಿ ಒಂದು ಬಿಳಿ ವ್ಯಾನು ಕಾಣಿಸಿತು. ಅದು ನಿಂತಿರಲಿಲ್ಲ, ಬರುತ್ತಿತ್ತು. ವೇಗವಾಗಿಯೇ ಬರುತ್ತಿತ್ತು. ಇದೆಲ್ಲ ನನಗೆ ಸ್ಪಷ್ಟವಾಗಿ ತಿಳಿದಿತ್ತು ಎಂದು ನಿನಗೆ ಬರೆಯಲೇಬೇಕು.

‘ಹೋಗ್ಲಾ?’ ಎಂದರು.

‘ಹೋಗಿ’ ಎಂದೆ.

ನಡುವೆ ನಡೆದದ್ದು ಶಬ್ದವಾಗಿ ಮಾತ್ರ ನೆನಪಿದೆ. ಲಾರಿಯ ಹಾರನ್, ಆಮೇಲೆ ವ್ಯಾನಿನ ಹಾರನ್, ಆಮೇಲೆ ಜಲ್ಲಿ ಸಿಡಿದ ಸದ್ದು. ವ್ಯಾನಿನವನು ರಸ್ತೆ ಬಿಟ್ಟು ಕಲ್ಲಿನ ಮೇಲೆ ಇಳಿದಿದ್ದ. ಲಾರಿಯವನು ಬ್ರೇಕು ಹಾಕಿ ನಮಗೆ ಜಾಗ ಕೊಟ್ಟಿದ್ದ. ನಮ್ಮ ಕಾರಿನ ಕನ್ನಡಿ ಕಿತ್ತುಹೋಗಿತ್ತು, ಬೇರೇನೂ ಇಲ್ಲ. ವ್ಯಾನಿನವನು ಕೆಳಗಿಳಿದು ನಾಲ್ಕು ಹೆಜ್ಜೆ ನಡೆದು ನೆಲದ ಮೇಲೆ ಕುಳಿತು ವಾಂತಿ ಮಾಡಿಕೊಂಡ. ಇವರು ಓಡಿಹೋಗಿ ಅವನ ಬೆನ್ನು ಸವರಿದರು, ಕೈ ಮುಗಿದರು, ಕಾರಿನ ಕಡೆ ಬೆರಳು ತೋರಿಸಿ, ಎಂಜಿನ್ ಎಳೆಯಲಿಲ್ಲ ಎಂದು ಕೈಸನ್ನೆಯಲ್ಲಿ ಹೇಳಿದರು. ಅವನು ಎದ್ದು ಬಂದು ನಮ್ಮ ಕಾರನ್ನು ಒಂದು ಸುತ್ತು ನೋಡಿದ. ಮುದಿ ಎತ್ತನ್ನು ತಟ್ಟುವ ಹಾಗೆ ಬಾನೆಟ್ಟನ್ನು ತಟ್ಟಿದ. ಕೊನೆಗೆ ಮರುಕದಿಂದ ತಲೆಯಾಡಿಸಿ ಹೊರಟುಹೋದ. ನಾನು ಒಳಗೇ ಕೂತಿದ್ದೆ.

ಕಾರು ಚೆನ್ನಾಗಿಯೇ ಎಳೆದಿತ್ತು, ಅಕ್ಕ. ಅದಕ್ಕೇ ಬದುಕಿದ್ದೇವೆ.

ಇವರು ಮತ್ತೆ ಒಳಗೆ ಬಂದು ಕುಳಿತು, ನಿಂದೇನೂ ತಪ್ಪಿಲ್ಲ, ಈ ದರಿದ್ರ ಗಾಡಿ ಕೈಕೊಟ್ಟಿತು ಎಂದರು. ನಿನ್ನನ್ನು ಕರೆದುಕೊಂಡು ಬರಬಾರದಿತ್ತು, ಕ್ಷಮಿಸು ಎಂದರು. ಇಪ್ಪತ್ತಾರು ವರ್ಷಗಳಲ್ಲಿ ಇವರು ನನ್ನ ಕ್ಷಮೆ ಕೇಳಿದ್ದು ಅದೇ ಮೊದಲು. ನಾನು ಪರವಾಗಿಲ್ಲ ಎಂದೆ.

ಯಾಕೆ ಹೇಳಿದೆ ಎಂದು ನೀನು ಕೇಳುತ್ತೀಯ. ಮೂರು ದಿನದಿಂದ ನಾನೂ ಅದನ್ನೇ ಹುಡುಕುತ್ತಿದ್ದೇನೆ. ಕೆಳಗೆ ಇವರು ಮಾಡುವ ಹಾಗೆಯೇ ಒಂದೊಂದನ್ನೂ ತೆಗೆದು ಬೆಳಕಿಗೆ ಹಿಡಿಯುತ್ತೇನೆ. ಸಿಟ್ಟಿತ್ತೇ? ಇರಲಿಲ್ಲ. ಸಾಯುವ ಆಸೆಯೇ? ಖಂಡಿತ ಇಲ್ಲ, ಆ ಹೊತ್ತಿಗೆ ನನಗೆ ಹಸಿವಾಗಿತ್ತು, ಊಟಕ್ಕೆ ಎಲ್ಲಿ ನಿಲ್ಲಿಸುತ್ತಾರೋ ಎಂದು ಯೋಚಿಸುತ್ತಿದ್ದೆ. ಸಿಟ್ಟು ಸಿಕ್ಕಿದ್ದರೆ ಎಷ್ಟು ಸಮಾಧಾನವಾಗುತ್ತಿತ್ತು ಗೊತ್ತಾ? ಆ ಮಾತಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಬಾಯಿ ತೆರೆದೆ, ಅದು ಹೊರಗೆ ಬಂತು. ಹಾಗೆ ಬಂದದ್ದು ಇನ್ನೊಮ್ಮೆ ಬಾರದೆಂದು ಹೇಗೆ ಹೇಳಲಿ?

ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ನನ್ನ ಕೆಲಸ ಅದೇ ಅಲ್ಲವೇ. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ ಎಂದು ಗಾಜಿನ ಹಿಂದೆ ನಿಂತು ಹೇಳುತ್ತೇನೆ, ಗುರುತು ಪರಿಚಯ ಇಲ್ಲದವರು ಹಾಗೇ ಮಾಡುತ್ತಾರೆ. ಒಮ್ಮೆ ‘ಬಿಡಿ’ ಎನ್ನಲು ಮರೆತಿದ್ದೆ. ಒಬ್ಬ ಮುದುಕ ಕೆಂಪಗಾಗಿ ಕಣ್ಣು ಬಿಡುತ್ತಾ ನಿಂತೇ ಇದ್ದ. ಆಮೇಲೆ ಅವನೂ ನಾನೂ ನಕ್ಕಿದ್ದೆವು. ಈಗ ಅವನ ಮುಖ ನೆನಪಾದರೆ ನಗು ಬರುವುದಿಲ್ಲ.

ಇಲ್ಲಿ ನನಗೆ ಯಾರು ಏನು ಕೇಳಿದರೂ ಹೆದರಿಕೆ. ಬೆಳಗ್ಗೆ ಇವರು ಟೀ ತರಲಾ ಎಂದರು. ಉತ್ತರ ಹೇಳಲು ಎಷ್ಟು ಹೊತ್ತು ಹಿಡಿಯಿತೆಂದರೆ, ಇವರು ನನ್ನ ಹಣೆ ಮುಟ್ಟಿ ನೋಡಿದರು.

ಈ ಊರಿಗೆ ರೈಲಿದೆ. ನಿನ್ನೆ ಸ್ಟೇಷನ್ನಿನವರೆಗೆ ಹೋಗಿ ಬಂದೆ. ಒಬ್ಬಳೇ ಹೊರಡಬಹುದು. ಆದರೆ ಇವರು ಕಾರು ಬಿಟ್ಟು ಬರುವವರಲ್ಲ, ಒಬ್ಬರೇ ಓಡಿಸುತ್ತಾರೆ. ಮುಂದಿನದೆಲ್ಲ ಘಟ್ಟದ ರಸ್ತೆ, ಹಿಂದಿರುಗಿದರೂ ಅದೇ ಲಾರಿಗಳು. ಎಡಗಡೆ ಯಾರೂ ಇಲ್ಲದಿದ್ದರೆ ಇವರು ಕುರುಡರಿದ್ದಂತೆ. ನಾನು ಕೂತರೂ ಕೊಲ್ಲಬಹುದು, ಕೂರದಿದ್ದರೂ ಕೊಲ್ಲಬಹುದು. ಹೇಳದೆ ಕೂತರೆ ಇವರು ನನ್ನನ್ನು ನಂಬಿಯೇ ಸಾಯುತ್ತಾರೆ. ಹೇಳಿದರೆ ಮತ್ತೆಂದೂ ನಂಬುವುದಿಲ್ಲ. ಯಾವುದಕ್ಕೆ ಹೆಚ್ಚು ಹೆದರಿದ್ದೇನೆ ಎಂದು ನಿನಗೆ ಬರೆದು ನೋಡಿದರಾದರೂ ತಿಳಿಯಬಹುದು ಅಂದುಕೊಂಡಿದ್ದೆ. ಎರಡನೆಯದಕ್ಕೆ. ಬರೆದ ಮೇಲೆ ಓದಲು ಅಸಹ್ಯವಾಗುತ್ತದೆ, ಆದರೂ ಹೊಡೆದುಹಾಕುವುದಿಲ್ಲ.

ಕೆಳಗೆ ಎಲ್ಲವನ್ನೂ ಮತ್ತೆ ಜೋಡಿಸಲು ಶುರುಮಾಡಿದ್ದಾರೆ. ನಾಳೆ ಬೆಳಗ್ಗೆ ಹೊರಡುವ ಲೆಕ್ಕ. ಅಷ್ಟರೊಳಗೆ ಹೇಳಬೇಕು. ಭಾವನಿಗೆ ಈ ಪತ್ರ ತೋರಿಸಬೇಡ. ಕಾರು ಕೆಟ್ಟಿತ್ತು ಎಂದೇ ಇರಲಿ.

ನಿನ್ನ
ಗುಬ್ಬಿ

ಮರೆತ ಮಾತಲ್ಲ, ಆಮೇಲೆ ಆದದ್ದು. ಶುಕ್ರವಾರ ಬೆಳಗ್ಗೆ:

ಹೇಳಿದೆ. ಬಾನೆಟ್ಟಿನೊಳಗೆ ಬಗ್ಗಿ ಕೊನೆಯ ಸ್ಕ್ರೂ ತಿರುವುತ್ತಿದ್ದರು. ಆ ವ್ಯಾನು ನನಗೆ ಕಂಡಿತ್ತು ಎಂದೆ. ತಲೆ ಎತ್ತದೆ ‘ಗೊತ್ತು’ ಎಂದರು.

ಹೇಗೆ ಎಂದು ಕೇಳಿದೆ. ‘ನಂಗೆ ರಸ್ತೆ ಕಾಣಲ್ಲ. ನಿನ್ನ ಮುಖ ಕಾಣುತ್ತೆ. ಖಾಲಿ ರಸ್ತೆ ನೋಡೋರ ಕಣ್ಣು ಒಂದು ಕಡೆ ನಿಂತಿರುತ್ತೆ. ನಿನ್ನ ಕಣ್ಣು ಏನನ್ನೋ ಹಿಡಿದು ಎಳ್ಕೊಂಡು ಬರ್ತಿತ್ತು’ ಎಂದರು.

ಹಾಗಾದರೆ ಮೂರು ದಿನ ಇದನ್ನೆಲ್ಲ ಬಿಚ್ಚಿ ಹುಡುಕಿದ್ದೇಕೆ ಎಂದೆ. ಸ್ಕ್ರೂಡ್ರೈವರ್ ಒರೆಸಿದರು. ‘ಗಾಡೀಲೇ ಏನಾದ್ರೂ ಸಿಕ್ಕಿದ್ರೆ ಒಳ್ಳೇದಿತ್ತು’ ಎಂದರು.

ಕೇಳಬಾರದಿತ್ತು, ಆದರೂ ಕೇಳಿದೆ. ಗೊತ್ತಿದ್ದೂ ಯಾಕೆ ಹೋದಿರಿ?

‘ನೀನು ಹೋಗಿ ಅಂದ್ಯಲ್ಲ.’

ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಪ್ರೀತಿಯಿಂದಲೂ ಅಲ್ಲ. ಲಿಫ್ಟು ಯಾವ ಮಹಡಿಯಲ್ಲಿ ನಿಂತಿದೆ ಎಂದು ಹೇಳುವ ಹಾಗೆ ಹೇಳಿದರು. ಈಗ ಎಂಜಿನ್ ಶುರುವಾಗಿದೆ, ಚೆನ್ನಾಗಿಯೇ ಓಡುತ್ತಿದೆ. ಎಡಗಡೆಯ ಬಾಗಿಲು ತೆರೆದು ಹಿಡಿದುಕೊಂಡು ಮೇಲೆ ನೋಡುತ್ತಾ ನಿಂತಿದ್ದಾರೆ. ಅಕ್ಕ, ನಿನ್ನೆಯ ತನಕ ನಾನು ನನ್ನೊಬ್ಬಳಿಗೇ ಹೆದರಬೇಕಾಗಿತ್ತು.