ಕಾವಿಗಿ ಕುಂತಾಳ

ಮಾರ್ಚ್ ಐವತ್ತೆಂಟನೇ ತಾರೀಖು, 2251
ಆರನೇ ಮಹಡಿ, ಪಡುವಣ ಕಟ್ಟಡ, ಕಲಬುರಗಿ

ಸೂಗಮ್ಮ ಆಯಿಗೆ ನೂರವ್ವನ ಶರಣು.

ಮೇಲಿನ ತಾರೀಖು ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಬೇವು ಚಿಗುರುವವರೆಗೆ ತಿಂಗಳು ಬದಲಾಗುವುದಿಲ್ಲ. ಈ ವರ್ಷ ಅಂಗಳದ ಬೇವು ಇನ್ನೂ ಬೋಳಾಗಿ ನಿಂತಿದೆ, ಆದ್ದರಿಂದ ಮಾರ್ಚ್ ಮುಗಿದಿಲ್ಲ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಇನ್ನೂರು ವರ್ಷಗಳಲ್ಲಿ ಮಾತುಗಳು ಬಹಳ ಸವೆದಿವೆ. ಕೆಲವು ಸತ್ತಿವೆ, ಕೆಲವು ಬದುಕಿದ್ದೂ ಬೇರೆಯೇ ಆಗಿವೆ. ಅಂಥ ಒಂದು ಮಾತಿನಿಂದಾಗಿಯೇ ಈ ಪತ್ರ ಬರೆಯುವ ಹೊತ್ತು ಬಂದಿದೆ. ನಿಮ್ಮನ್ನು ಆಯಿ ಎಂದು ಕರೆಯುತ್ತಿದ್ದೇನೆ, ಅದಕ್ಕೂ ಬೇಸರ ಮಾಡಿಕೊಳ್ಳಬೇಡಿ. ಕಲ್ಲಿನ ಮೇಲೆ ಹೆಸರು ಕೊರೆದ ದಿನ ನಿಮಗೆ ಇಪ್ಪತ್ತೇ ವರ್ಷವಾಗಿದ್ದಿರಬಹುದು, ನನಗೆ ಈಗ ಅರವತ್ತೊಂದು. ಆದರೂ ಇನ್ನೂರು ವರ್ಷ ಹಿರಿಯರನ್ನು ಅಜ್ಜಿ ಎನ್ನದೆ ಮತ್ತೇನೆನ್ನಲಿ?

ಪತ್ರ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ನಮ್ಮಲ್ಲಿ ಹಿಂದಂಚೆ ಎಂಬ ರೂಢಿಯಿದೆ. ಕಟ್ಟಡದ ನಡುವೆ ನಿಮ್ಮ ಕಾಲದ ಲಿಫ್ಟಿನ ಬಾವಿ ಇದೆ. ಕೆಳಗಿನ ಮೂರು ಮಹಡಿ ಧೂಳಿನಲ್ಲಿ ಹೂತುಹೋಗಿವೆ, ಆ ಬಾವಿಯಲ್ಲಿ ಕೆಳಕ್ಕೆ ಹೋದಷ್ಟೂ ಹಿಂದಿನ ಕಾಲ ಎಂದು ನಮ್ಮವರ ನಂಬಿಕೆ. ಹಿರಿಯರಿಗೆ ಏನಾದರೂ ಹೇಳುವುದಿದ್ದರೆ ಬರೆದು, ಕಲ್ಲು ಕಟ್ಟಿ, ಅದರೊಳಗೆ ಬಿಡುತ್ತೇವೆ. ನೆಲ ಮುಟ್ಟಿದ ಸದ್ದು ಇದುವರೆಗೆ ಯಾರಿಗೂ ಕೇಳಿಲ್ಲ. ಅದನ್ನೇ ಒಳ್ಳೆಯ ಗುರುತು ಎಂದುಕೊಂಡಿದ್ದೇವೆ.

ನಾವು ನಾಲ್ಕರಿಂದ ಒಂಬತ್ತನೇ ಮಹಡಿಯವರೆಗೆ ವಾಸಿಸುತ್ತೇವೆ. ಅದರ ಮೇಲಿನವು ಬೆಂದ ಮಹಡಿಗಳು, ಅಲ್ಲಿ ಬರಿಗಾಲಿಡಲಾಗುವುದಿಲ್ಲ. ಬೆಳಗಿನ ಜಾವದಲ್ಲಿ ಧೂಳು ಗುಡಿಸುವುದು, ನೀರು ಹಂಚುವುದು, ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುವುದು, ಬಿಸಿಲೇರುವ ಮೊದಲೇ ರೊಟ್ಟಿ ಬಡಿದು ಒಲೆ ಆರಿಸುವುದು. ಆಮೇಲೆ ಇಡೀ ಹಗಲು ಗೋಡೆಗೆ ಬೆನ್ನು ಕೊಟ್ಟು ಕೂರುವುದು. ಹೊರಗೆ ಮನುಷ್ಯ ನಿಲ್ಲಲಾಗದ ಬಿಸಿ ಬಂದಾಗ ಅದನ್ನು ನಾವು ಕಾವು ಎನ್ನುತ್ತೇವೆ. 'ಕಾವು ಬಂತು' ಎಂದರೆ ಓಡಬೇಕು, ಬಾಗಿಲು ಹಾಕಬೇಕು. ಆ ಶಬ್ದಕ್ಕೆ ಬೇರೆ ಅರ್ಥವಿದೆಯೆಂದು ನನಗೆ ಈ ವರ್ಷದವರೆಗೆ ತಿಳಿದಿರಲಿಲ್ಲ. ಕೋಳಿ ಎಂಬುದನ್ನು ನಮ್ಮವರು ಕಂಡು ನಾಲ್ಕು ತಲೆಮಾರಾಯಿತು, ಆಯಿ. ಹಕ್ಕಿ ಮೊಟ್ಟೆಯಿಂದ ಬರುತ್ತದೆಂದು ಗೊತ್ತು. ಇಟ್ಟ ಮೊಟ್ಟೆಯ ಮೇಲೆ ಯಾರಾದರೂ ಕೂರಬೇಕೆಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಈಗ ನಿಮ್ಮ ಕಲ್ಲಿನ ವಿಷಯ. ಎದುರಿನ ಮೂಡಣ ಕಟ್ಟಡದಲ್ಲಿ, ಹನ್ನೊಂದನೇ ಮಹಡಿಯ ಸಜ್ಜಾದ ಮೇಲೆ, ನೀವು ಶಹಾಬಾದಿನ ನಾಲ್ಕು ಚಪ್ಪಟೆ ಪರ್ಸಿ ಕಲ್ಲುಗಳನ್ನು ನಿಲ್ಲಿಸಿ ಒಂದು ತೊಟ್ಟಿ ಮಾಡಿ, ಒಳಗೆ ಸಣ್ಣ ಹರಳುಕಲ್ಲು ತುಂಬಿದ್ದೀರಿ. ಮುಂದಿನ ಕಲ್ಲಿನ ಮೇಲೆ ಉಳಿಯಿಂದ ಕೊರೆದಿದ್ದೀರಿ:

ಕಾವಿಗಿ ಕುಂತಾಳ
ಕೈ ಹಚ್ಚಬ್ಯಾಡ್ರಿ
ಸೂಗಮ್ಮ

ನಾವು ಇದನ್ನು ಹೇಗೆ ಓದಿದೆವು ಗೊತ್ತೇ? ಸೂಗಮ್ಮ ಎಂಬ ಹೆಂಗಸು ಕಾವಿಗೆ ಮೈಯೊಡ್ಡಿ ಇಲ್ಲಿ ಕೂತಳು, ಇಲ್ಲಿಯೇ ಸತ್ತಳು, ಇದು ಅವಳ ಗೋರಿ, ಮುಟ್ಟಬೇಡಿ. ಕೆಲಸ ಮುಗಿಸಿ ನೀವು ಹಾಕಿದ ಸಹಿಯನ್ನು ಸತ್ತವಳ ಹೆಸರೆಂದು ತಿಳಿದೆವು. ನಗಬೇಡಿ. ಇನ್ನೂರು ವರ್ಷ ನಿಮಗೆ ಹೆದರಿ ಬದುಕಿದ್ದೇವೆ. ನಮ್ಮ ಆರನೇ ಮಹಡಿಯ ಕಿಂಡಿಯಿಂದ ಕತ್ತೆತ್ತಿ ನೋಡಿದರೆ ಆ ತೊಟ್ಟಿಯ ಅಂಚಿನ ಮೇಲೆ ಬೂದು ಬಣ್ಣದ ಬೆನ್ನೊಂದು ಕಾಣುತ್ತದೆ. ಬೆಂಕಿಯಂಥ ಬಿಸಿಲಲ್ಲಿ ತಲೆ ತಗ್ಗಿಸಿ ಅಲುಗದೆ ಕೂತ ಬೆನ್ನು. ಅದು ಚಾಣ, ನಿಮ್ಮ ಕಾಲದಲ್ಲಿ ಪಾರಿವಾಳಗಳ ಮೇಲೆ ಆಕಾಶದಿಂದ ಬೀಳುತ್ತಿದ್ದ ಅದೇ ಹಕ್ಕಿ. ಹಕ್ಕಿಯೆಂದು ನಮಗೂ ಗೊತ್ತು. ಆದರೆ ಹಕ್ಕಿಯಾಗಿ ಬಂದು ಕೂತವಳು ಸೂಗಮ್ಮನೇ ಎಂದು ನಮ್ಮ ಅವ್ವಂದಿರು ಹೇಳಿದ್ದರು, ನಾವು ನಮ್ಮ ಮಕ್ಕಳಿಗೆ ಹೇಳಿದೆವು. ಹಟ ಮಾಡುವ ಕೂಸಿಗೆ 'ಸೂಗಮ್ಮ ನೋಡ್ಲಾಕತ್ಯಾಳ, ಸುಮ್ ಕೂಡು' ಎಂದರೆ ಸಾಕಿತ್ತು. ಅವಳು ಎದ್ದು ನಿಂತು ಅರ್ಧ ರೆಕ್ಕೆ ಬಿಚ್ಚಿದಳೆಂದರೆ ನಾವು ಗಂಟೆ ಬಾರಿಸಿ ಬಾಗಿಲು ಹಾಕುತ್ತಿದ್ದೆವು. ಕಾವು ಬರುವುದನ್ನು ಸತ್ತವಳು ನಮಗೆ ಮುಂಚೆಯೇ ತಿಳಿಸುತ್ತಿದ್ದಾಳೆ ಎಂದು ಕೈಮುಗಿಯುತ್ತಿದ್ದೆವು. ಅವಳು ರೆಕ್ಕೆಯನ್ನು ಮೊಟ್ಟೆಗಳ ಮೇಲೆ ಚಪ್ಪರದಂತೆ ಹಿಡಿಯುತ್ತಿದ್ದಳು ಎಂದು ಈಗ ತಿಳಿದಿದೆ.

ಆ ಸಜ್ಜಾಕ್ಕೆ ವರ್ಷಕ್ಕೊಮ್ಮೆ ಒಬ್ಬರು ಹೋಗುತ್ತಾರೆ. ಅವರನ್ನು ದಾಹದವರು ಎನ್ನುತ್ತೇವೆ. ಮೂವತ್ತು ವರ್ಷದಿಂದ ಆ ಕೆಲಸ ನನ್ನದು. ನನಗೂ ಮೊದಲು ದಸ್ತಗೀರ ಮುತ್ಯಾ ಮಾಡುತ್ತಿದ್ದ, ಈಗ ಅವನಿಗೆ ಎಂಬತ್ತು ದಾಟಿದೆ, ಹಗ್ಗ ಹಿಡಿದು ಮೇಲೆ ಕೂರುತ್ತಾನೆ. ಸಂಕ್ರಾಂತಿ ಮುಗಿದ ವಾರ, ಹಕ್ಕಿ ಇನ್ನೂ ಕೂರದಿರುವಾಗ, ನಾನು ಮುಖ ತಿರುಗಿಸಿಕೊಂಡು ಹಿಂದೆ ಹಿಂದೆ ನಡೆದು ತೊಟ್ಟಿಗೆ ಒಂದು ಕೊಡ ನೀರು ಸುರಿಯಬೇಕು. ಬಿಸಿಲಲ್ಲಿ ಸತ್ತವಳಿಗೆ ಅಷ್ಟಾದರೂ ನೀರು ಬೇಡವೇ? ಒಳಗೆ ನೋಡಬಾರದು. ನಾನೂ ನೋಡಿದವಳಲ್ಲ. ಆದರೆ ಕಿವಿ ಮುಚ್ಚಿಕೊಳ್ಳಬೇಕೆಂಬ ನಿಯಮವಿರಲಿಲ್ಲ. ಪ್ರತಿ ವರ್ಷ ನೀರು ಸುರಿದ ಕೂಡಲೇ ತಳದ ಒಂದು ತೂತಿನಿಂದ ಅದು ಸೊರ್ ಎಂದು ಕೆಳಗೆ ಸೋರಿಹೋಗುವುದು ಕೇಳಿಸುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು, ಆಯಿ. ಒಂದು ಮನೆಯ ಒಂದು ದಿನದ ನೀರು ಅದು. ಒಂದು ಗುಟುಕೂ ನಿಮ್ಮ ಗಂಟಲಿಗೆ ಇಳಿಯದೆ ಧೂಳು ಸೇರುತ್ತಿತ್ತು.

ಈ ವರ್ಷ ನಾನು ಸುಣ್ಣ ಕಲಸಿ ತೆಗೆದುಕೊಂಡು ಹೋದೆ. ನೋಡದೆಯೇ, ಕೈಯಿಂದ ತಡವಿ, ತೂತನ್ನು ಹುಡುಕಿದೆ. ಸರಿಯಾಗಿ ನನ್ನ ಹೆಬ್ಬೆರಳಿನಷ್ಟಿತ್ತು. ಬಹುಶಃ ನಿಮ್ಮ ಹೆಬ್ಬೆರಳೂ ಅಷ್ಟೇ ಇದ್ದಿರಬೇಕು. ಒಂದು ಹಿಡಿ ಸುಣ್ಣ ತುರುಕಿ ಹೆಬ್ಬೆರಳಿನಿಂದ ಒತ್ತಿದೆ. ಆಮೇಲೆ ನೀರು ಸುರಿದೆ. ನೀರು ನಿಂತಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲಿಯೇ ಕುಳಿತು ಅತ್ತೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರಿಗೋ ನಿಜವಾಗಿ ನೀರು ಕುಡಿಸಿದೆ ಎನಿಸಿತ್ತು.

ಆ ನೀರು ಹತ್ತು ದಿನದಲ್ಲಿ ಆರಿತು. ಮಾರ್ಚಿನಲ್ಲಿ ಹಕ್ಕಿ ಬಂದು ಕೂತಿತು. ಅದು ಕೂತ ದಿನದಿಂದ ಏಳುವ ದಿನದವರೆಗೆ ದಾಹದವರು ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆಯುತ್ತಾರೆ. ಮುತ್ಯಾನ ಕಾಲದ ಗೆರೆಗಳೂ ಇವೆ, ಅವನಿಗಿಂತ ಹಿಂದಿನವರವೂ ಇವೆ. ಯಾವ ವರ್ಷ ನೋಡಿದರೂ ಮೂವತ್ತೆರಡು, ಅಪರೂಪಕ್ಕೆ ಮೂವತ್ತಮೂರು. ಅವು ಸೂಗಮ್ಮ ಸಾಯಲು ತೆಗೆದುಕೊಂಡ ದಿನಗಳು ಎಂದು ನಮ್ಮ ಲೆಕ್ಕ. ಈ ವರ್ಷ ಹತ್ತೊಂಬತ್ತನೇ ಗೆರೆಯ ದಿನ ಮಧ್ಯಾಹ್ನ ಆಕಾಶ ಕಪ್ಪಾಗಿ ಆಲಿಕಲ್ಲು ಬಿತ್ತು. ಹನ್ನೆರಡು ವರ್ಷದಿಂದ ಆಲಿಕಲ್ಲು ಕಂಡಿರಲಿಲ್ಲ. ಜನ ಪಾತ್ರೆ ಹಿಡಿದು ಹೊರಗೋಡಿದರು, ಕುಣಿದರು. ನಾನು ಕಿಂಡಿಯಲ್ಲಿ ನಿಂತು ನೋಡುತ್ತಿದ್ದೆ. ಬೂದು ಬೆನ್ನಿನ ಮೇಲೆ ಕಲ್ಲುಗಳು ಬಡಿಯುತ್ತಿದ್ದವು. ಅವಳು ಹಾರಿಹೋಗಲಿಲ್ಲ. ಇನ್ನಷ್ಟು ಕೆಳಗೆ ಕುಗ್ಗಿ ಕೂತಳು. ಮಳೆ ಹೊಯ್ಯುತ್ತಲೇ ಇತ್ತು. ಮೂಡಣ ಕಟ್ಟಡದ ಗೋಡೆಯ ಮೇಲೆ, ಪ್ರತಿ ಮಳೆಗೂ ಆ ತೂತಿನಿಂದ ಇಳಿಯುತ್ತಿದ್ದ ನೀರಿನ ಗೆರೆ ಈ ಸಲ ಇರಲಿಲ್ಲ. ಆಗ ನನ್ನ ಹೆಬ್ಬೆರಳು ತಣ್ಣಗಾಯಿತು.

ಮುತ್ಯಾನನ್ನು ಎಬ್ಬಿಸಿಕೊಂಡು, ಹಗ್ಗ ಕಟ್ಟಿಕೊಂಡು, ಹೋಗಬಾರದ ಹೊತ್ತಿನಲ್ಲಿ ಹೋದೆ. ಈ ಸಲ ಮುಖ ತಿರುಗಿಸಲಿಲ್ಲ. ತೊಟ್ಟಿಯಲ್ಲಿ ಮಂಜುಗಡ್ಡೆ ತೇಲುವ ನೀರು ನಿಂತಿತ್ತು. ಅದರೊಳಗೆ ಅವಳು ಎದೆಯವರೆಗೆ ಮುಳುಗಿ ಕೂತಿದ್ದಳು. ನಾನು ಕೈ ಚಾಚಿದಾಗ ನನ್ನ ಮಣಿಕಟ್ಟನ್ನು ಹರಿದಳು, ಎರಡು ಸಲ. ಸುಣ್ಣ ಕಿತ್ತೆ, ನೀರು ಹೋಯಿತು. ಆಮೇಲೆ ಅವಳ ಕೆಳಗೆ ಕೈ ಹಾಕಿದೆ. ಸುಟ್ಟ ಇಟ್ಟಿಗೆಯ ಬಣ್ಣದ ನಾಲ್ಕು ಮೊಟ್ಟೆ. ಮೂರು ತಣ್ಣಗಿದ್ದವು. ಒಂದು, ಹರಳುಕಲ್ಲಿನ ದಿಬ್ಬದ ಮೇಲಿದ್ದದ್ದು, ಬಿಸಿಯಾಗಿತ್ತು. ಅವಳ ಎದೆಯಲ್ಲಿ ಗರಿಯಿಲ್ಲದ ಒಂದು ಜಾಗವಿದೆ, ಆ ಮೊಟ್ಟೆ ಅಲ್ಲಿಗೆ ತಾಗಿತ್ತು. ಆ ಜಾಗ ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು.

ಮೇಲೆ ಬಂದು ಮುತ್ಯಾನಿಗೆ ಹೇಳಿದೆ. ಅವನು ನನ್ನ ಮಣಿಕಟ್ಟಿಗೆ ಬಟ್ಟೆ ಕಟ್ಟಿದ. ಆಮೇಲೆ, 'ಹಂಗಂದ್ರ ಕಾವು ಅಂದ್ರ ಕೊಲ್ಲೋದಲ್ಲ ತಂಗಿ. ಕಾವು ಅಂದ್ರ ಇದು. ಅಕಿ ಸಾಯ್ಲಾಕ ಕುಂತಿಲ್ಲ, ಬದುಕಸ್ಲಾಕ ಕುಂತಾಳ' ಎಂದ. ಇಬ್ಬರೂ ಅತ್ತೆವು. ಇನ್ನೂರು ವರ್ಷ ನಿಮ್ಮ ಹೆಸರಿನಲ್ಲಿ ನಾವು ನೀರು ಸುರಿದಿದ್ದು ಒಂದು ಬಾಣಂತಿಯ ಹಾಸಿಗೆಗೆ.

ಇದನ್ನು ನಾವು ಯಾರಿಗೂ ಹೇಳಿಲ್ಲ. ಹೇಳದಿರುವುದಕ್ಕೆ ಕಾರಣವಿದೆ. ನನ್ನ ಅವ್ವನ ಕಾಲದಲ್ಲಿ ಏಳು ವರ್ಷ ಹಸಿವು ಬಂದಿತ್ತು. ಜನ ಪಾರಿವಾಳ ಮುಗಿಸಿದರು, ಕಾಗೆ ಮುಗಿಸಿದರು, ಹಲ್ಲಿಯನ್ನೂ ಬಿಡಲಿಲ್ಲ, ಚಪ್ಪಲಿಯ ತೊಗಲನ್ನು ಬೇಯಿಸಿ ಕುಡಿದರು. ಆ ತೊಟ್ಟಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ಅದರೊಳಗೆ ಮೊಟ್ಟೆಯಿದೆಯೆಂದು ಗೊತ್ತಿದ್ದರೆ ಹಾಕುತ್ತಿದ್ದರು, ನನ್ನ ಅವ್ವನೇ ಮೊದಲು ಹಾಕುತ್ತಿದ್ದಳು. ನಮ್ಮ ತಪ್ಪು ಓದೇ ಈ ಹಕ್ಕಿಗಳನ್ನು ಉಳಿಸಿದೆ. ಊರಿನ ಆಕಾಶದಲ್ಲಿ ಈಗ ಉಳಿದಿರುವುದು ಚಾಣಗಳ ಈ ಒಂದೇ ಜೋಡಿ.

ಆಲಿಕಲ್ಲಿನ ಮರುದಿನ ಕಟ್ಟಡದ ಸಭೆ ಸೇರಿತು. ನೀರಿನ ಪಾಲು ಹಂಚುವ ಚಾಂದವ್ವ ಎದ್ದು, 'ಆಯಿಗಿ ನೀರಡಿಕಿ ಹೆಚ್ಚಾಗ್ಯಾದ, ಅದಕ್ಕೇ ಸಿಟ್ಟ ಮಾಡ್ಯಾಳ. ನಾಳಿಗಿ ಏಳು ಕೊಡ ಸುರಿಯಮು' ಎಂದಳು. ಎಲ್ಲರೂ ಹೂಂ ಅಂದರು. ಒಳ್ಳೆಯ ಹೆಂಗಸು, ತನ್ನ ಮನೆಯ ಕೊಡವನ್ನೇ ಮೊದಲು ಕೊಡುವವಳು. ಅವಳನ್ನು ನೋಡಿದರೆ ನನ್ನನ್ನೇ ನೋಡಿದಂತಾಯಿತು. ನಾನು ಎದ್ದು ನಿಂತೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳುವ ಹಾಗಿರಲಿಲ್ಲ. ಕಟ್ಟಿದ ಮಣಿಕಟ್ಟನ್ನು ಎತ್ತಿ ತೋರಿಸಿ, 'ಕಾವಿಗಿ ಕುಂತಾಳ, ಕೈ ಹಚ್ಚಬ್ಯಾಡ್ರಿ' ಎಂದೆ. ಅವರು ತಮ್ಮ ಅರ್ಥದಲ್ಲಿ ಕೇಳಿ ನಡುಗಿದರು. ನಾನು ನಿಮ್ಮ ಅರ್ಥದಲ್ಲಿ ಹೇಳಿದ್ದೆ. ಇನ್ನೂರು ವರ್ಷದಲ್ಲಿ ಆ ಮಾತನ್ನು ಸರಿಯಾಗಿ ಆಡಿದ್ದು ಬಹುಶಃ ಅದೇ ಮೊದಲು. ಏಳು ಕೊಡ ನೀರು ಮನೆಗಳಿಗೆ ಹಿಂತಿರುಗಿತು.

ಇವತ್ತು ಮೂವತ್ತಾರನೇ ಗೆರೆ ಎಳೆದಿದ್ದೇನೆ. ಮೂವತ್ತೆರಡಕ್ಕೆ ಏಳಬೇಕಾದವಳು ಎದ್ದಿಲ್ಲ. ಗಂಡು ಹಕ್ಕಿ ಎಲ್ಲೋ ದೂರದಿಂದ ಬೇಟೆ ತಂದು ಅಂಚಿನ ಮೇಲೆ ಇಡುತ್ತದೆ, ಕೂಗುತ್ತದೆ, ಅವಳು ತಿರುಗಿಯೂ ನೋಡುವುದಿಲ್ಲ. ಒಮ್ಮೆ ಹೋಗಿ ಮೊಟ್ಟೆ ಮುಟ್ಟಿ ಬಾ ಎಂದು ಮುತ್ಯಾ ಹೇಳುತ್ತಾನೆ. ತಣ್ಣಗಿದೆಯೋ ಬಿಸಿಯಿದೆಯೋ ಗೊತ್ತಾಗಿಬಿಡುತ್ತದಲ್ಲ ಎನ್ನುತ್ತಾನೆ. ನಾನು ಹೋಗಿಲ್ಲ. ಕಲ್ಲಿನ ಮೇಲೆ ನೀವು ಬರೆದದ್ದನ್ನು ಇನ್ನಾದರೂ ಪಾಲಿಸಬೇಕು ಅನ್ನಿಸುತ್ತದೆ, ಹೆದರಿಕೆಯೂ ಇದೆ. ಹಗಲೆಲ್ಲ ಆ ಬೆನ್ನು ನನ್ನ ಕಡೆಗಿರುತ್ತದೆ. ಇಷ್ಟು ವರ್ಷ ಅದನ್ನು ಸತ್ತವಳ ಬೆನ್ನೆಂದು ತಿಳಿದು ಆರಾಮಾಗಿ ರೊಟ್ಟಿ ತಿಂದೆ. ಜೀವವಿದೆಯೆಂದು ಗೊತ್ತಾದ ಮೇಲೆ ತುತ್ತು ಇಳಿಯುತ್ತಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ, ಅದಕ್ಕೇ ಇಷ್ಟೆಲ್ಲ ಬರೆದೆ. ಬರಿ ಸಿಮೆಂಟಿನ ಮೇಲೆ ಮೊಟ್ಟೆ ಉರುಳುವುದನ್ನು ಕಂಡು ನೀವು ಆ ತೊಟ್ಟಿ ಮಾಡಿರಬೇಕು. ನಿಮ್ಮ ಮಾತನ್ನು ತಿದ್ದಬೇಡಿ. ಹಕ್ಕಿ ಎಂದಾಗಲಿ ಮೊಟ್ಟೆ ಎಂದಾಗಲಿ ಸೇರಿಸಬೇಡಿ. ನಿಮ್ಮ ಹೆಸರನ್ನೂ ಅಳಿಸಬೇಡಿ. ನಾವು ನಿಮಗೆ ಹೆದರುತ್ತಲೇ ಇರೋಣ, ನೀವು ಸತ್ತು ಕೂತವಳಾಗಿಯೇ ಇರಿ, ಅಷ್ಟು ಅನ್ಯಾಯವನ್ನು ನಮಗಾಗಿ ಸಹಿಸಿಕೊಳ್ಳಿ. ಆದರೆ ಮಳೆನೀರು ಹೋಗಲೆಂದು ನೀವು ಕೊರೆದ ಆ ತೂತು ಚಿಕ್ಕದಾಯಿತು. ಪ್ರೀತಿಯಿರುವ ಒಬ್ಬಳು ಮುದುಕಿ ಒಂದು ಹಿಡಿ ಸುಣ್ಣದಿಂದ ಮುಚ್ಚುವಷ್ಟು ಚಿಕ್ಕದು.

ಉಳಿ ಇನ್ನೂ ಕೈಯಲ್ಲಿದ್ದರೆ, ಆಯಿ, ಅಲ್ಲಿಗೆ ಇನ್ನೆರಡು ಪೆಟ್ಟು ಹಾಕಿ.

ನೂರವ್ವ