ಕ್ಯಾಸೆಟ್ಟಿನ ಸೈಡು ಮುಗಿದ ಮೇಲೆ

ಕೊಟ್ರೇಶಿ, ನಿನ್ನಕ್ಕ ಬರೆದಿಟ್ಟಿದ್ದು.

ಸೊರಬದಿಂದ ಬಂದ ಕೂಡಲೇ ಓದು. ಅಪ್ಪಾಜಿಯ ಬಲಗೈ ಗಿರಣಿಯ ಬೆಲ್ಟಿಗೆ ಸಿಕ್ಕಿತು. ಅವರನ್ನು ಆಗಲೇ ಜೀಪಿನಲ್ಲಿ ಶಿಕಾರಿಪುರದ ಆಸ್ಪತ್ರೆಗೆ ಕರಕೊಂಡು ಹೋದರು. ನಾನು ಬಟ್ಟೆಬರೆ ತಗೊಂಡು ಬಸ್ಸಿಗೆ ಹೊರಟಿದ್ದೇನೆ.

ನಿನ್ನ ಟೇಪ್ ರೆಕಾರ್ಡರ್ ಹುಡುಕಬೇಡ. ಗಿರಣಿಯ ಪಾನಾ ತಗೊಂಡು ಚಚ್ಚಿ ಹಾಕಿದ್ದೇನೆ.

ಮೇನ್ ಸ್ವಿಚ್ ಆರಿಸಿದ್ದೇನೆ, ಮತ್ತೆ ಹಾಕಬೇಡ. ನೆಲದ ಮೇಲೆಲ್ಲ ರಕ್ತ, ತೊಳೆದುಬಿಡು. ವೀರಮ್ಮನ ಗೋಧಿ ಹಿಟ್ಟಿಗೂ ಸಿಡಿದಿದೆ. ಅದನ್ನು ಅವರಿಗೆ ಕೊಡಬೇಡ, ಹಿತ್ತಲಲ್ಲಿ ಗುಂಡಿ ತೆಗೆದು ಹುಗಿ.

ಓಣಿಯವರು, "ಆ ಹುಡುಗನ ದರಿದ್ರ ಇಂಗ್ಲಿಷ್ ಹಾಡಿನಿಂದಾನೇ ಹಿಂಗಾತು" ಅಂತಾರೆ. ತಲೆ ತಗ್ಗಿಸಬೇಡ. ನೀನು ಊರಲ್ಲೇ ಇರಲಿಲ್ಲ. ಕ್ಯಾಸೆಟ್ ಹಚ್ಚಿದ್ದು ನಾನು.

"ತಗಡು ಬಡಿದಂಗೆ, ಕಬ್ಬಿಣ ಕೊಯ್ದಂಗೆ ಐತೆ, ಆರಿಸೋ ಅದನ್ನ" ಅಂತ ದಿನಾ ನಿನ್ನ ಮೇಲೆ ಹರಿಹಾಯುತ್ತಿದ್ದವಳು, ನೀನಿಲ್ಲದಾಗ ಅದನ್ನೇ ಜೋರಾಗಿ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಆ ಡ್ರಮ್ಮಿನ ಏಟಿಗೆ ಕೈ ತಾನಾಗೇ ಓಡುತ್ತಿತ್ತು. ಗಿರಣಿಯ ಗದ್ದಲವೂ ಅದರಲ್ಲೇ ಸೇರಿಹೋಗುತ್ತಿತ್ತು.

ಇವತ್ತೂ ಹಾಗೇ. ಕೊನೆಯ ಹಾಡಿನಲ್ಲಿ ಅವನು ಗಂಟಲು ಹರಿಯುವಂತೆ ಕಿರುಚುತ್ತಾನಲ್ಲ, ಆ ಜಾಗ ಬಂತು ಅಂದುಕೊಂಡು ಇನ್ನೂ ಜೋರಾಗಿ ಎರಡು ರೊಟ್ಟಿ ಬಡಿದೆ. ಆಮೇಲೆ ಸೈಡು ಮುಗಿದು ಟೇಪಿನ ಬಟನ್ ಟಕ್ಕಂತ ಮೇಲೆ ಹಾರಿತು.

ಕಿರುಚಾಟ ನಿಲ್ಲಲಿಲ್ಲ.