ಹದಿನೇಳನೆಯ ಬಾಟಲಿಯಿಂದ ಮುಂದೆ

ಮಂಗಳವಾರ, ಬೆಳಿಗ್ಗೆ

ಮಗಳೇ,

ಕುಶಲ ಕೇಳಲು ಬರೆದ ಕಾಗದವಲ್ಲ ಇದು. ಕೂತುಕೊಂಡು ಓದು. ಶುಕ್ರವಾರ ನಿನ್ನ ಪ್ರಬಂಧ ವಿಜ್ಞಾನ ಪತ್ರಿಕೆಗೆ ಕಳಿಸುತ್ತೇನೆ ಎಂದಿದ್ದೆಯಲ್ಲ, ಕಳಿಸಬೇಡ.

ಇಪ್ಪತ್ತೊಂಬತ್ತು ವರ್ಷ ಪ್ರಯೋಗಾಲಯದ ಕಿಟಕಿ ಪಕ್ಕ ಕೂತು, ಸಮುದ್ರದ ನೀರಿನಲ್ಲಿ ತೇಲುವ ಪ್ಲಾಂಕ್ಟನ್ ಜೀವಿಗಳನ್ನು ಬಗೆಗಳಾಗಿ ಬೇರ್ಪಡಿಸಿ ಎಣಿಸಿದವಳು ನಾನು. ಓದಿದ್ದು ಹೈಸ್ಕೂಲು. ಆದರೂ ದೊಡ್ಡ ಪದವಿಯವರು ಸಂದೇಹ ಬಂದರೆ ನನ್ನ ಮೇಜಿಗೇ ಬರುತ್ತಿದ್ದರು. ಆ ಜಂಬ ನನಗಿತ್ತು, ಈಗಲೂ ಇದೆ.

ನೀನು ಹಡಗಿನಲ್ಲಿ ಹೋಗಿ ಸಮುದ್ರದ ನೀರು ತುಂಬಿ ಕಳಿಸಿದ ಮೂವತ್ತು ಬಾಟಲಿಗಳನ್ನು ಬಂದ ಕ್ರಮದಲ್ಲೇ ನೋಡಿದೆ. ಮೊದಲು ಸಮಭಾಜಕದ ಬಿಸಿನೀರು, ಕೊನೆಗೆ ಧ್ರುವದ ಹತ್ತಿರದ್ದು. ನಾಲ್ಕು ತಿಂಗಳ ಕೆಲಸ. ಹದಿನೇಳನೆಯ ಬಾಟಲಿಗೆ ಬರುವಾಗ ಮೈಕ್ರೋಸ್ಕೋಪು ಮಂಜಾಯಿತು. ರಿಪೇರಿಯವನನ್ನು ಮೂರು ಸಲ ಕರೆಸಿದೆ. ಮೂರನೆಯ ಸಲ ಅವನು ಗಾಜು ಒರೆಸಲೇ ಇಲ್ಲ. “ಅಮ್ಮ, ಲೆನ್ಸು ಚೆನ್ನಾಗಿದೆ. ನೀವೊಂದ್ಸಲ ಕಣ್ಣು ತೋರಿಸ್ಕೊಳ್ಳಿ” ಅಂದ. ಮೊದಲು ನಿನ್ನ ಕೆಲಸ ಕಲಿ ಎಂದು ಬೈದು ಕಳಿಸಿದೆ. ಪಾಪ, ಚಹಾ ಕೂಡ ಕುಡಿಯದೆ ಹೋದ.

ಅಲ್ಲಿಂದ ಮುಂದೆ ಎರಡು ಬಗೆ ಒಂದೇ ಥರ ಕಂಡರೆ ಒಂದೇ ಎಂದು ಬರೆದೆ.

ಕಳೆದ ತಿಂಗಳು ಫೋನಿನಲ್ಲಿ ನೀನು ಕುಣಿದಾಡಿದೆ. ಉತ್ತರಕ್ಕೆ ಹೋದಂತೆಲ್ಲ ಬಗೆಗಳು ಕಡಿಮೆಯಾಗಿ ನಕ್ಷೆಯ ಗೆರೆ ಜಾರುಬಂಡೆಯ ಹಾಗೆ ಇಳಿದಿದೆ, ಇಷ್ಟು ಕಡಿದಾದ ಇಳಿತ ಯಾರಿಗೂ ಸಿಕ್ಕಿರಲಿಲ್ಲ ಎಂದೆ. ನಾನು ಒಲೆ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನಿಟ್ಟೆ. ತಣ್ಣೀರಿನಲ್ಲಿ ಬಗೆ ಕಡಿಮೆ, ಅದು ನನಗೂ ಗೊತ್ತು. ಆದರೆ ಆ ಇಳಿತದಲ್ಲಿ ಸಮುದ್ರದ್ದೆಷ್ಟು, ನನ್ನ ಕಣ್ಣಿನದೆಷ್ಟು, ಹೇಳಲಾರೆ.

ಚಿಕ್ಕಂದಿನಲ್ಲಿ ನಿನ್ನದೊಂದು ಲೆಕ್ಕ ತಪ್ಪಿದರೆ ಇಡೀ ಪುಟ ಹರಿದು ಮತ್ತೆ ಬರೆಸುತ್ತಿದ್ದೆ. “ಅಮ್ಮಾ, ನೀನು ಯಾವತ್ತೂ ತಪ್ಪೋದೇ ಇಲ್ವಾ” ಎಂದು ಒಮ್ಮೆ ನೀನು ಅಳುತ್ತಾ ಕೇಳಿದ್ದೆ. ಇಲ್ಲ ಅಂದಿದ್ದೆ ನಾನು.

ಹದಿನೇಳರಿಂದ ಮೂವತ್ತರವರೆಗಿನ ಬಾಟಲಿಗಳು ಪ್ರಯೋಗಾಲಯದ ಕೆಳಗಿನ ಕಪಾಟಿನಲ್ಲಿವೆ. ಒಂದನ್ನೂ ಚೆಲ್ಲಿಲ್ಲ. ಬೇರೆಯವರ ಕೈಲಿ ಎಣಿಸು. “ಎಣಿಸಿದವರು ನನ್ನ ಅಮ್ಮ” ಎಂದು ಪ್ರಬಂಧದಲ್ಲಿ ಹಾಕಿದ್ದೀಯಂತೆ, ಅದನ್ನು ತೆಗೆ. ನನ್ನ ಮೇಜು ನಿನ್ನೆಯೇ ಖಾಲಿ ಮಾಡಿದೆ.

ನಿನ್ನ ಅಮ್ಮ

ಮರೆತ ಮಾತು: ಸಾಲುಗಳು ಓರೆಯಾಗಿದ್ದರೆ ಹೊಂದಿಸಿಕೊಂಡು ಓದು. ಸ್ಕೇಲು ಇಟ್ಟು ಅಂದಾಜಿನ ಮೇಲೆ ಬರೆದಿದ್ದೇನೆ. ಬರೆದದ್ದನ್ನು ತಿರುಗಿ ಓದಲು ನನಗಾಗುತ್ತಿಲ್ಲ. ಉತ್ತರ ಬರೆಯಬೇಡ. ಪಕ್ಕದ ಮನೆಯವಳ ಕೈಲಿ ಓದಿಸಿಕೊಳ್ಳುವವಳಲ್ಲ ನಾನು. ಬೈಯುವುದಿದ್ದರೆ ಬಂದು ಬೈ.